ನಿಮಗಿದು ಗೊತ್ತೆ? ಕಲ್ಲಿನ ಕೋಟೆಯ ಸುತ್ತಮುತ್ತ

● ಏಳು ಸುತ್ತಿನ ಚಿತ್ರದುರ್ಗದ ಕೋಟೆಯಲ್ಲಿ ಮಳೆನೀರು ವ್ಯರ್ಥವಾಗುತ್ತಿರಲಿಲ್ಲ. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತಿತ್ತು.

● ಹೈದರಾಲಿಯ ಸೈನಿಕರು ನುಸುಳಲು ಯತ್ನಿಸಿದರೆನ್ನಲಾದ ಓಬವ್ವನ ಕಿಂಡಿ ಇಂದಿಗೂ ಪ್ರವಾಸಿಗರ ಮೊದಲ ಆಕರ್ಷಣೆ. ಕೋಟೆ ಹೈದರನ ವಶವಾದದ್ದು 1779ರಲ್ಲಿ. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ.

● ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರೀಕರಣಗೊಂಡದ್ದು ಇದೇ ಕೋಟೆಯಲ್ಲಿ. ಕಥೆಗೆ ಆಧಾರ ತ.ರಾ.ಸು. ಕಾದಂಬರಿಗಳು.

● ಕೋಟೆಯ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ಅದು ಕೆರೆ ಕಟ್ಟಿಸಿದ ಸಂಗತಿ ಹೇಳುತ್ತದೆ. ಇಲ್ಲಿನ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕಿವೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿ ಅಗೆತ ನಡೆಸಿದ್ದರು.

● ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಕಾಮಗಾರಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಕಾಮಗಾರಿ ಆರಂಭವಾದಾಗ ಮೈಸೂರಿನ ರೀಜೆಂಟ್ ಆಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಅದಕ್ಕೆ ಇಡಲಾಯಿತು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ತುಂಬಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ! ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚುತ್ತದೆ.

● ಹೊಳಲ್ಕೆರೆಯ ಪ್ರಸನ್ನ ಗಣಪತಿಗೆ ಗರ್ಭಗುಡಿಯ ಛಾವಣಿಯಿಲ್ಲ. ಬಿಸಿಲು ಮಳೆಗೆ ಮೈಯೊಡ್ಡಿ ಕುಳಿತ ಈ ಬೃಹತ್ ಮೂರ್ತಿಯನ್ನು ಜನ ‘ಬಯಲು ಗಣಪ’ ಎಂದೇ ಕರೆಯುತ್ತಾರೆ.