ಮಾಯಾವಿನಿಯ ಚೆಲುವು

ಮಂಗಳೂರಿನ ಉರ್ವದ ಮಾರಿಗುಡಿಯಲ್ಲಿ ಕೈಮುಗಿದು ನಿಲ್ಲುವ ಭಕ್ತನು ಅಮ್ಮನ ಶಕ್ತಿಗೆ ಅಂಜುವನಲ್ಲದೆ ಆಕೆಯ ಚೆಲುವನ್ನು ತೂಗಿ ನೋಡುವುದಿಲ್ಲ. ಅದೇ ಭಕ್ತನು ಯಕ್ಷಗಾನದ ಆಟಕ್ಕೆ ಹೋಗಿ ಕುಳಿತರೆ, ಅಲ್ಲಿ ಶಕ್ತಿವಂತೆಯಾದ ಹೆಣ್ಣಿಗೆ ಬೇರೊಂದು ಕಟ್ಟಳೆಯಿರುವುದನ್ನು ಕಾಣುವನು. ಪಂಚವಟಿ ಪ್ರಸಂಗದಲ್ಲಿ ಶೂರ್ಪನಖಿಯು ಮೊದಲು ಹೆಣ್ಣುಬಣ್ಣದ ಘೋರವೇಷದಲ್ಲಿ ಅಬ್ಬರಿಸಿ ಬರುವಳು. ಬಳಿಕ ಮಾಯಾ ಶೂರ್ಪನಖಿಯಾಗಿ, ಬೇರೊಬ್ಬ ಸ್ತ್ರೀವೇಷಧಾರಿಯ ಮೂಲಕ, ಸುಂದರಿಯಾಗಿ ರಾಮನೆದುರು ನಿಲ್ಲುವಳು.

ವಾಚಕರು ಒಂದಂಶವನ್ನು ಗಮನಿಸತಕ್ಕದ್ದು. ವಾಲ್ಮೀಕಿಯ ಶೂರ್ಪನಖಿಯು ತಾನು ಕಾಮರೂಪಿಣಿಯೆಂದು ಹೇಳಿಕೊಂಡರೂ ಚೆಲುವೆಯಾಗಿ ಮಾರ್ಪಟ್ಟಳೆಂದು ಅಲ್ಲಿ ಹೇಳಿಲ್ಲ. ರಾಕ್ಷಸಿಯೆಂಬುದನ್ನೂ ಆಕೆ ಮರೆಮಾಚಲಿಲ್ಲ. ಚೆಲುವಿನ ಮುಸುಕನ್ನು ತೊಡಿಸಿದವರು ತಮಿಳಿನ ಕಂಬನೇ ಮೊದಲಾದ ಅನಂತರದ ಕವಿಗಳು. ಮುಸುಕು ಬಂದೊಡನೆ ಅವಳ ಬಯಕೆಯು ವಂಚನೆಯೆನಿಸಿತು.

ಭಸ್ಮಾಸುರನ ವಧೆಗಾಗಿ ವಿಷ್ಣುವು ಮೋಹಿನಿಯಾದುದನ್ನು ನಾವು ಲೀಲೆಯೆನ್ನುತ್ತೇವೆ. ಹಿಡಿಂಬೆಯು ಚೆಲುವೆಯಾಗಿ ಭೀಮನ ಮುಂದೆ ನಿಂತುದನ್ನು ಮನ್ನಿಸುತ್ತೇವೆ. ಅವಳು ಕುಂತಿಯ ಸೊಸೆಯಾಗಿ ಘಟೋತ್ಕಚನನ್ನು ಹೆತ್ತಳಷ್ಟೆ. ಶೂರ್ಪನಖಿಯು ಸೀತೆಯ ಮೇಲೆರಗಿದುದು ತಪ್ಪೇ ಸರಿ. ಅದಕ್ಕೆ ಶಿಕ್ಷೆಯೂ ಆಯಿತು. ಆದರೆ ಜನರ ಬಾಯಲ್ಲಿ ಉಳಿದುದು ಅವಳ ಮಾಯಾರೂಪದ ನಿಂದೆಯೇ. ಮಾಯೆಯು ಒಂದೇ, ತೀರ್ಪು ಮಾತ್ರ ಮೂರು. ಆದುದರಿಂದ ನಾವು ಅಳೆಯುವುದು ರೂಪವನ್ನಲ್ಲ, ಆ ಶಕ್ತಿಯು ಯಾರ ಪಕ್ಷದಲ್ಲಿದೆಯೆಂಬುದನ್ನು.

ಈ ಪಕ್ಷಪಾತವು ಕಥೆಯಲ್ಲಿಯೇ ನಿಲ್ಲುವುದಿಲ್ಲವೆಂಬುದು ನಮ್ಮ ಚಿಂತೆ. ಚೆಲುವೆಯು ಮರುಳುಮಾಡಿದಳೆಂದೂ, ಚೆಲುವಿಲ್ಲದ ಒಂಟಿ ಮುದುಕಿಯು ಮಾಟಗಾತಿಯೆಂದೂ ಬೆರಳು ತೋರಿಸುವ ಊರುಗಳು ಇನ್ನೂ ಇವೆ. ಆಟದ ವೇಷಧಾರಿಯು ಬೆಳಗಾದೊಡನೆ ತನ್ನ ಬಣ್ಣವನ್ನು ತೊಳೆದುಕೊಳ್ಳುವನು. ಹೆಣ್ಣಿನ ಮೇಲೆ ಸಮಾಜವು ಬಳಿದ ಬಣ್ಣವನ್ನು ತೊಳೆಯತಕ್ಕವರು ನಾವೇ.