ಗಿಟಾರ್ ಇಲ್ಲದ ಗ್ರೀನ್‌ವುಡ್

ರೇಡಿಯೊಹೆಡ್ ತಂಡದ 'ಕ್ರೀಪ್' ಕೇಳಿದವರು ಪಲ್ಲವಿಗೆ ಮುನ್ನ ಗರಗಸ ಎಳೆದಂತೆ ನುಗ್ಗುವ ಆ ಗಿಟಾರ್ ಸದ್ದನ್ನು ಮರೆಯಲಾರರು. ಅದನ್ನು ನುಡಿಸಿದ ಜಾನಿ ಗ್ರೀನ್‌ವುಡ್ ಚಿತ್ರಕ್ಕೆ ಸಂಗೀತ ಕೊಟ್ಟಿದ್ದಾರೆಂದರೆ ಅಲ್ಲಿಯೂ ಅಂಥದ್ದೇ ಅಬ್ಬರ ಇರಬೇಕು ಎಂದುಕೊಳ್ಳುವುದು ಸಹಜ.

ಪಾಲ್ ಥಾಮಸ್ ಆಂಡರ್ಸನ್ ನಿರ್ದೇಶನದ 'ದೇರ್ ವಿಲ್ ಬಿ ಬ್ಲಡ್' (2007) ನೋಡಲು ಕುಳಿತವರಿಗೆ ಸಿಗುವುದೇ ಬೇರೆ. ತೆರೆಯ ಮೇಲೆ ಬರಡು ಗುಡ್ಡಗಳು. ಪಿಟೀಲು, ವಯೋಲಾ, ಚೆಲ್ಲೊಗಳೆಲ್ಲ ಬೇರೆಬೇರೆ ಸ್ವರಗಳಿಂದ ಹೊರಟು, ಜಾರುತ್ತ ಜಾರುತ್ತ ಒಂದೇ ಸ್ವರಕ್ಕೆ ಬಂದು ಕೂಡುತ್ತವೆ. ಮೊದಲ ಸುಮಾರು ಕಾಲು ಗಂಟೆ ಚಿತ್ರದಲ್ಲಿ ಮಾತೇ ಇಲ್ಲವೆನ್ನಬೇಕು. ಒಬ್ಬ ಗುಂಡಿ ತೋಡುತ್ತಿದ್ದಾನೆ, ಅಷ್ಟೇ. ಆದರೂ ಏನೋ ಕೇಡು ಕಾದಿದೆಯೆಂದು ನಮಗೆ ಗೊತ್ತಾಗಿಬಿಡುತ್ತದೆ. ಪೋಲೆಂಡಿನ ಸಂಯೋಜಕ ಪೆಂಡೆರೆಟ್ಸ್ಕಿಯ ಪ್ರಭಾವ ಇದರಲ್ಲಿ ಎದ್ದು ಕಾಣುತ್ತದೆ. ಗ್ರೀನ್‌ವುಡ್ ಅದನ್ನು ಬಚ್ಚಿಟ್ಟವರೂ ಅಲ್ಲ, 2012ರಲ್ಲಿ ಅವರೊಂದಿಗೆ ಜಂಟಿ ಆಲ್ಬಮ್ಮನ್ನೇ ತಂದರು.

ಈ ಸಂಗೀತಕ್ಕೆ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಆಸ್ಕರ್ ಮಾತ್ರ ಬಾಗಿಲಲ್ಲೇ ತಡೆಯಿತು. ಬಿಬಿಸಿಗಾಗಿ ಬರೆದ 'ಪಾಪ್‌ಕಾರ್ನ್ ಸೂಪರ್‌ಹೆಟ್ ರಿಸೀವರ್' ಕೃತಿಯ ಭಾಗಗಳೂ ಸೇರಿ, ಮೊದಲೇ ಇದ್ದ ಸಂಗೀತ ಚಿತ್ರದಲ್ಲಿ ಹೆಚ್ಚಾಯಿತೆಂಬುದು ಕಾರಣ. ನಿಯಮ ನಿಯಮವೇ ಇರಬಹುದು. ಆ ವರ್ಷ ಅದಕ್ಕಿಂತ ಗಟ್ಟಿ ಚಿತ್ರಸಂಗೀತ ನಾನಂತೂ ಕೇಳಲಿಲ್ಲ.

ರಾಕ್ ಬಿಟ್ಟು ಸಿನಿಮಾಕ್ಕೆ ಹಾರಿದರು ಎನ್ನುವವರು ಈ ಮನುಷ್ಯನ ಹಳೆಯ ಕಥೆ ಮರೆಯುತ್ತಾರೆ. ಶಾಲೆಯ ದಿನಗಳಲ್ಲೇ ವಯೋಲಾ ಹಿಡಿದು ವಾದ್ಯವೃಂದದಲ್ಲಿ ಕೂತವರು. ಕಾಲೇಜು ಸೇರಿದ ಕೆಲವೇ ವಾರಗಳಲ್ಲಿ ತಂಡಕ್ಕೆ ಧ್ವನಿಮುದ್ರಣ ಸಂಸ್ಥೆ ಇಎಂಐನ ಒಪ್ಪಂದ ಸಿಕ್ಕಿ ಓದು ನಿಂತಿತು. 2000ದ 'ಕಿಡ್ ಎ' ಆಲ್ಬಮ್ಮಿನಲ್ಲಿ ತಂತಿವಾದ್ಯಗಳಿಗೆ ಸ್ವರ ಜೋಡಿಸಿದ್ದೂ ಅವರೇ. ಅವರು ಹಾರಲಿಲ್ಲ, ಬಿಟ್ಟುಬಂದ ಕಡೆಗೆ ಮರಳಿದರು.

ನಿರೀಕ್ಷಿಸಿದ ಸದ್ದನ್ನು ಕೊಡದ ಮೊಂಡುತನವಂತೂ ಹೋಗಿಲ್ಲ. 'ದಿ ಪವರ್ ಆಫ್ ದಿ ಡಾಗ್' (2021) ಕೌಬಾಯ್ ನಾಡಿನ ಕಥೆ. ಬ್ಯಾಂಜೊ ಬರಲೇಬೇಕಾದ ಜಾಗ. ಗ್ರೀನ್‌ವುಡ್ ಚೆಲ್ಲೊವನ್ನೇ ಬ್ಯಾಂಜೊದಂತೆ ಮೀಟಿದರು. ಅದಕ್ಕೂ ಮುಂಚೆ 2015ರಲ್ಲಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಸಂಗೀತಗಾರ ಶೈ ಬೆನ್ ಟ್ಸೂರ್ ಹಾಗೂ ರಾಜಸ್ಥಾನದ ಕಲಾವಿದರೊಂದಿಗೆ 'ಜುನೂನ್' ಆಲ್ಬಮ್ ಧ್ವನಿಮುದ್ರಿಸಿದಾಗ, ಕ್ಯಾಮೆರಾ ಹಿಡಿದು ಬಂದವರು ಅದೇ ಆಂಡರ್ಸನ್. ಅಲ್ಲಿ ವಾದಕರ ನಡುವೆ, ಕವ್ವಾಲರ ಪಕ್ಕದಲ್ಲಿ, ನೆಲದ ಮೇಲೆ ಕೂತ ಗ್ರೀನ್‌ವುಡ್‌ರನ್ನು ಹುಡುಕಿಯೇ ನೋಡಬೇಕು.