ಸ್ವಲೀನ ಮಕ್ಕಳು ಮತ್ತು ವರ್ತನಾ ಚಿಕಿತ್ಸೆ

ಆಟಿಸಂ ಎಂದು ಕರೆಯಲಾಗುವ ಸ್ವಲೀನತೆಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಯಾಗಿದೆ. ತಾಯಿಯ ಮಮತೆಯ ಕೊರತೆಯೇ ಇದಕ್ಕೆ ಕಾರಣವೆಂಬ ಹಳೆಯ ವಾದವನ್ನು ವಿಜ್ಞಾನವು ತಳ್ಳಿಹಾಕಿ ದಶಕಗಳೇ ಕಳೆದಿವೆ. ಆದರೂ ತಾಯಂದಿರು ಇಂದಿಗೂ ದೂಷಣೆಗೆ ಗುರಿಯಾಗುತ್ತಿರುವುದು ವಿಷಾದನೀಯ.

ಮಾತು ಬಾರದ ಮಗುವೊಂದು ನೀರಿಗಾಗಿ ಕಿರುಚುತ್ತದೆ ಎಂದಿಟ್ಟುಕೊಳ್ಳೋಣ. ಕಿರುಚಿದೊಡನೆ ಲೋಟ ಕೈಸೇರಿದರೆ, ಕಿರುಚುವುದೇ ಕೇಳುವ ವಿಧಾನವೆಂದು ಅದು ಕಲಿಯುತ್ತದೆ. ವರ್ತನೆಗೆ ಮುಂಚೆ ಏನು ನಡೆಯಿತು, ಅನಂತರ ಏನು ದೊರೆಯಿತು ಎಂಬುದನ್ನು ವರ್ತನಾ ಚಿಕಿತ್ಸೆಯಲ್ಲಿ ಮೊದಲು ಗಮನಿಸಲಾಗುತ್ತದೆ. ಬಳಿಕ ಮಗುವಿನ ಕೈಹಿಡಿದು ಲೋಟವನ್ನು ತೋರಿಸಲು ಕಲಿಸಿ, ತೋರಿಸಿದ ಕ್ಷಣವೇ ನೀರು ಕೊಟ್ಟು ಮೆಚ್ಚಲಾಗುತ್ತದೆ. ಕ್ರಮೇಣ ಕೈಯ ಆಸರೆಯನ್ನು ಕಡಿಮೆ ಮಾಡಲಾಗುತ್ತದೆ. ಹೊಡೆತ, ಬೆದರಿಕೆಗಳಿಗೆ ಇಲ್ಲಿ ಸ್ಥಾನವಿಲ್ಲ. ಬಾಯಾರಿದ ಮಗುವಿಗೆ ನೀರು ನಿರಾಕರಿಸುವುದೂ ಚಿಕಿತ್ಸೆಯಲ್ಲ. ಯಾರಿಗೂ ತೊಂದರೆಯಾಗದ ಕೈಬೀಸುವಿಕೆಯಂತಹ ಅಭ್ಯಾಸಗಳನ್ನು ಬಲವಂತವಾಗಿ ಬಿಡಿಸಬೇಕಾಗಿಲ್ಲ.

ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನ ಕುರಕುಂಭದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಪದೇ ಪದೇ ನಗರಕ್ಕೆ ಹೋಗಿಬರುವುದು ಕಷ್ಟಸಾಧ್ಯ. ಆದುದರಿಂದ ತರಬೇತಿ ಪಡೆದ ಪೋಷಕರು ಊಟ, ಸ್ನಾನಗಳ ವೇಳೆ ಮನೆಯಲ್ಲಿಯೇ ಮಾಡಿಸುವ ಅಭ್ಯಾಸಕ್ಕೆ ಹೆಚ್ಚಿನ ಮಹತ್ವವಿದೆ. ನೆರೆಹೊರೆಯವರು ಮರಾಠಿ ಮಾತನಾಡುತ್ತಾರೆಂದು ಕನ್ನಡ ಕುಟುಂಬಗಳು ಮನೆಮಾತನ್ನು ಕೈಬಿಡಬೇಕಾಗಿಲ್ಲ. ಎರಡು ಭಾಷೆಗಳಿಂದ ಸ್ವಲೀನತೆಯು ಉಲ್ಬಣಿಸುವುದಿಲ್ಲ. ಕನ್ನಡದಲ್ಲಿಯೇ ಸಲಹೆ ಬಯಸುವವರು 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.

1999ರ ರಾಷ್ಟ್ರೀಯ ನ್ಯಾಸ ಅಧಿನಿಯಮ ಹಾಗೂ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮಗಳು ಸ್ವಲೀನತೆಗೆ ಅನ್ವಯಿಸುತ್ತವೆ. ನ್ಯಾಸದ ‘ನಿರಾಮಯ’ ಆರೋಗ್ಯ ವಿಮಾ ಯೋಜನೆಯಲ್ಲಿ ರೂ. 1 ಲಕ್ಷದವರೆಗೆ ರಕ್ಷಣೆಯಿದ್ದು, ಚಿಕಿತ್ಸಾ ತರಬೇತಿಗಳ ವೆಚ್ಚವೂ ನಿಗದಿತ ಮಿತಿಯೊಳಗೆ ಸೇರಿದೆ. ಇದಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಅಗತ್ಯ.